ಒಲೆಯ ಪಕ್ಕ ಆಲಿವ್ ಎಣ್ಣೆ ಇಡುವವರಿಗೆ

ಈಗ ನಮ್ಮ ಶಿರಸಿ ಪೇಟೆಯಲ್ಲೂ ಆಲಿವ್ ಎಣ್ಣೆ ಸಿಗುತ್ತದೆ. ಬೆಂಗಳೂರಿಂದ ಬರುವ ಮಕ್ಕಳಂತೂ ಸ್ವೀಟ್ ಡಬ್ಬಿಯ ಬದಲು ಅದನ್ನೇ ಹಿಡಿದು ಬರುತ್ತಾರೆ. ತರಲಿ, ಬೇಡ ಅನ್ನುವವಳು ನಾನಲ್ಲ. ಆದರೆ ತಂದದ್ದನ್ನು ಬಳಸುವ ಚೆಂದ ನೋಡಿದರೆ ಮೈ ಉರಿಯುತ್ತದೆ. ಗ್ಯಾಸ್ ಒಲೆಯ ಪಕ್ಕದಲ್ಲೇ ಬಾಟಲಿ, ಮುಚ್ಚಳ ಅರ್ಧಂಬರ್ಧ, ಮೇಲಿಂದ ಕಿಟಕಿಯ ಬಿಸಿಲು ಬೇರೆ. ಸಾಲದ್ದಕ್ಕೆ ಅಷ್ಟು ದುಬಾರಿ ಎಣ್ಣೆಯನ್ನು ಹೊಗೆ ಏಳುವವರೆಗೆ ಕಾಯಿಸಿ ಸಾಸಿವೆ ಸಿಡಿಸುತ್ತಾರೆ. ಮೊನ್ನೆ ನಮ್ಮ ಮೊಮ್ಮಗಳು ಹಲಸಿನ ಹಪ್ಪಳ ಕರಿಯಲಿಕ್ಕೆ ಬಾಣಲೆ ತುಂಬ ಇದನ್ನೇ ಸುರಿದಿದ್ದಳು. "ಅಜ್ಜಿ, ಇದು ಹೆಲ್ದಿ" ಅಂತ ನನಗೇ ಪಾಠ! ಹಪ್ಪಳಕ್ಕೆ ಕೊಬ್ಬರಿ ಎಣ್ಣೆಯೇ ಸೈ ಕೂಸೆ, ಅಂದೆ. ಮುಖ ಊದಿಸಿಕೊಂಡಳು.

ಮೊದಲು ಇದು ಏನು ಅಂತ ತಿಳಿದುಕೊಳ್ಳಿ. ಶೇಂಗಾ, ಎಳ್ಳಿನ ಹಾಗೆ ಬೀಜದ ಎಣ್ಣೆ ಅಲ್ಲ ಇದು. ಹಣ್ಣಿನ ತಿರುಳು ಅರೆದು ಹಿಂಡಿದ್ದು. ಮರ ಮಲ್ಲಿಗೆ, ಪಾರಿಜಾತಗಳ ಕುಟುಂಬದ್ದು ಅಂದರೆ ನಂಬುತ್ತೀರಾ? ನಮ್ಮ ಭಟ್ಕಳ ಮಲ್ಲಿಗೆಗೆ ದೂರದ ನೆಂಟ. ಹಸಿರು ಆಲಿವ್, ಕಪ್ಪು ಆಲಿವ್ ಎರಡೂ ಒಂದೇ ಮರದವು, ಮೊದಲನೆಯದು ಕಾಯಿ, ಎರಡನೆಯದು ಹಣ್ಣು. ಮರದಿಂದ ಕಿತ್ತು ಹಾಗೇ ಬಾಯಿಗೆ ಹಾಕಿದರೆ ಕಹಿಗೆ ಉಗಿಯಬೇಕು. ನಾವು ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಡುವಂತೆ ಆಲಿವ್ ಬೆಳೆಯುವ ಕಡೆಯವರೂ ಅದನ್ನು ಉಪ್ಪುನೀರಲ್ಲಿ ಇಟ್ಟು ಕಹಿ ಬಿಡಿಸಿ ತಿನ್ನುತ್ತಾರೆ.

ಮೆಡಿಟರೇನಿಯನ್ ಸಮುದ್ರದ ಪೂರ್ವದಂಡೆಯಲ್ಲಿ ಸುಮಾರು 6000 ವರ್ಷಗಳಿಂದ ಬೆಳೆಯುತ್ತಿದ್ದಾರಂತೆ. ಅವರಿಗೆ ಅಡುಗೆಗೂ ಅದೇ, ದೀಪಕ್ಕೂ ಅದೇ, ಮೈಗೆ ಹಚ್ಚಿಕೊಳ್ಳಲಿಕ್ಕೂ ಅದೇ. ಹಳೇ ಅಥೆನ್ಸಿನಲ್ಲಿ ಆಟದಲ್ಲಿ ಗೆದ್ದವರಿಗೆ ಚಿತ್ರ ಬರೆದ ಕೊಡಗಳಲ್ಲಿ ಈ ಎಣ್ಣೆ ತುಂಬಿ ಬಹುಮಾನ ಕೊಡುತ್ತಿದ್ದರು. ಈಗ ಎಲ್ಲರಿಗಿಂತ ಜಾಸ್ತಿ ತೆಗೆಯುವವರು ಸ್ಪೇನಿನವರು.

ನನಗೆ ಇದರಲ್ಲೆಲ್ಲ ತುಂಬಾ ಹಿಡಿಸಿದ್ದು ರೋಮ್ ಊರಿನ ಒಂದು ಗುಡ್ಡದ ಕತೆ. ಮೊಂಟೆ ಟೆಸ್ಟಾಚ್ಚೊ ಅಂತ ಅದರ ಹೆಸರು. ಸುಮಾರು 35 ಮೀಟರ್ ಎತ್ತರ, ಅಷ್ಟೂ ಒಡೆದ ಎಣ್ಣೆ ಗಡಿಗೆಗಳ ಚೂರು! ಹೆಚ್ಚಿನವು ಸ್ಪೇನಿನ ದಕ್ಷಿಣದಿಂದ ಹಡಗಲ್ಲಿ ಬಂದವು, ಒಂದೊಂದರಲ್ಲೂ 70 ಲೀಟರಿನಷ್ಟು ಎಣ್ಣೆ. ಖಾಲಿಯಾದ ಮೇಲೆ ಮತ್ತೆ ಯಾಕೆ ತುಂಬಲಿಲ್ಲ ಗೊತ್ತಾ? ಮಣ್ಣಿನ ಗಡಿಗೆ ಎಣ್ಣೆ ಹೀರಿಕೊಂಡು ಕಮಟು ಹಿಡಿಯುತ್ತದೆ. ಅದಕ್ಕೇ ಒಡೆದು ರಾಶಿ ಹಾಕಿ, ವಾಸನೆ ಬರದಂತೆ ಮೇಲೆ ಸುಣ್ಣ ಚೆಲ್ಲುತ್ತಿದ್ದರು. ಎರಡು ಸಾವಿರ ವರ್ಷದ ಹಿಂದಿನವರಿಗೆ ಇದ್ದ ಆ ಬುದ್ಧಿ ನಮ್ಮ ಮನೆ ಹುಡುಗಿಯರಿಗೆ ಇಲ್ಲ. ತಳದಲ್ಲಿ ಹಳೇ ಜಿಡ್ಡು ಅಂಟಿದ ಬಾಟಲಿಗೇ ಹೊಸ ಎಣ್ಣೆ ಸುರಿಯುತ್ತಾರೆ. ತಳದ ಕಮಟು ಮೇಲಿನದನ್ನೂ ಕೆಡಿಸುತ್ತದೆ ಅಂತ ಎಷ್ಟು ಸಲ ಹೇಳುವುದು?

ಹಾಗಾಗಿ ಎಣ್ಣೆ ಇಡುವ ನನ್ನ ಕ್ರಮ ಹೇಳುತ್ತೇನೆ. ಗಡಿಬಿಡಿಯವರಿಗೆ ಅಲ್ಲ ಇದು. ಟಾನಿಕ್ಕಿನ ಕಂದು ಗಾಜಿನ ಬಾಟಲಿಗಳನ್ನು ಎಸೆಯದೆ ಇಟ್ಟುಕೊಳ್ಳಿ, ಸಣ್ಣವೇ ಆಗಬೇಕು, ಮುಚ್ಚಳ ಬಿಗಿಯಾಗಿರಬೇಕು. ಒಳಗೆ ಒಂದು ಮುಷ್ಟಿ ಅಕ್ಕಿ, ಅಂಟುವಾಳಕಾಯಿ ನೆನೆಸಿದ ಬಿಸಿನೀರು ಹಾಕಿ ಮುಚ್ಚಿ ಚೆನ್ನಾಗಿ ಕುಲುಕಿ. ಬ್ರಷ್ ಹೋಗದ ಮೂಲೆಯನ್ನೆಲ್ಲ ಅಕ್ಕಿ ಉಜ್ಜುತ್ತದೆ. ಕುಲುಕುವುದೆಂದರೆ ಎರಡು ಸಲ ಅಲ್ಲಾಡಿಸಿ ಬಿಡುವುದಲ್ಲ, ಕೈ ಸೋಲಬೇಕು. ತೊಳೆದ ಮೇಲೆ ಮೂಗು ಹತ್ತಿರ ಹಿಡಿಯಿರಿ. ಔಷಧಿಯ ವಾಸನೆ ಚೂರು ಇದ್ದರೂ ಇನ್ನೊಂದು ಸುತ್ತು. ಆಮೇಲೆ ಬೋರಲು ಹಾಕಿ ನೀರು ಸೋರಿಸಿ, ಇಡೀ ದಿನ ಬಿಸಿಲಿಗಿಡಿ. ಮಳೆಗಾಲದಲ್ಲಿ ಬಿಸಿಲು ಎಲ್ಲಿಂದ ತರುವುದು? ಬಚ್ಚಲ ಒಲೆಯ ಹತ್ತಿರ, ಬೆಚ್ಚಗೆ ತಾಗುವಷ್ಟು ದೂರದಲ್ಲಿ ಇಡಿ. ಒಣ ಬಟ್ಟೆಯ ತುಂಡನ್ನು ಕಡ್ಡಿಗೆ ಸುತ್ತಿ ಒಳಗೆ ಆಡಿಸಿ ನೋಡಿ, ತೇವ ತಾಗಿದರೆ ಇನ್ನೂ ಆಗಿಲ್ಲ ಅಂತ ಅರ್ಥ.

ಲಾಳಿಕೆ ಇಟ್ಟು ಎಣ್ಣೆಯನ್ನು ಗಾಜಿನ ಗೋಡೆಗೆ ತಾಗಿಸಿ ನಿಧಾನ ಇಳಿಸಿ. ದಬದಬ ಸುರಿದರೆ ನೊರೆಯ ಜೊತೆ ಗಾಳಿ ಸೇರುತ್ತದೆ. ಕುತ್ತಿಗೆಯವರೆಗೂ ತುಂಬಿ, ಮೇಲೆ ಗಾಳಿಗೆ ಜಾಗ ಇರಬಾರದು. ಬಾಯಿ ಒರೆಸಿ, ಮುಚ್ಚಿ, ಹಳೇ ಪೇಪರ್ ಸುತ್ತಿ ಒಳಕೋಣೆಯ ಕಪಾಟಿನ ಕೆಳಗಿನ ಹಲಗೆಯಲ್ಲಿಡಿ. ಬೆಳಕು, ಶಾಖ, ಗಾಳಿ ಮೂರೂ ಇದಕ್ಕೆ ಆಗದು. ಒಂದು ಬಾಟಲಿ ತೆರೆದರೆ ಅದು ಮುಗಿಯುವವರೆಗೆ ಇನ್ನೊಂದರ ಮುಚ್ಚಳ ಮುಟ್ಟಬೇಡಿ. ನಮ್ಮ ಅತ್ತೆ ಗಾಣದಿಂದ ಬಂದ ಕೊಬ್ಬರಿ ಎಣ್ಣೆಯನ್ನೂ ಹೀಗೇ ಹಂಚಿಡುತ್ತಿದ್ದರು. ಅವರ ಭರಣಿಗೆ ಒದ್ದೆ ಚಮಚ ಹಾಕಿದವರು ಆ ದಿನ ಬೈಗುಳ ತಿಂದೇ ಊಟ ಮಾಡಬೇಕಿತ್ತು. ವೈನಿನಂತೆ ಇಟ್ಟಷ್ಟೂ ಒಳ್ಳೆಯದಾಗುವ ವಸ್ತು ಅಲ್ಲ ಇದು. ದೊಡ್ಡ ಡಬ್ಬಿ ಅಗ್ಗಕ್ಕೆ ಸಿಕ್ಕಿತು ಅಂತ ಎರಡು ವರ್ಷಕ್ಕಾಗುವಷ್ಟು ತಂದಿಡಬೇಡಿ. ಚಳಿಗೆ ಸ್ವಲ್ಪ ಮಬ್ಬಾದರೆ ಹೆದರಬೇಡಿ, ಬೆಚ್ಚಗಾದರೆ ತಿಳಿಯಾಗುತ್ತದೆ.

ತೊಳೆದು ಒಣಗಿಸುವ ಮಾತು ಬಂತಲ್ಲ, ಮೆಟ್ಟುಗತ್ತಿಯದ್ದೂ ಹೇಳಿಬಿಡುತ್ತೇನೆ. ಮಾವಿನಕಾಯಿ ಹೆಚ್ಚಿ ಹಾಗೇ ಸಿಂಕಿನಲ್ಲಿ ಬಿಟ್ಟು ಟಿ.ವಿ. ನೋಡಲು ಹೋಗುತ್ತಾರೆ. ಹುಳಿ ಹಿಡಿದು ಬಾಯಿ ಕಪ್ಪಾಗದೆ ಇನ್ನೇನು? ತಕ್ಷಣ ತೊಳೆದು ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಅಷ್ಟೇ ಕೆಲಸ.

ಕೊಳ್ಳುವಾಗ ಚೀಟಿ ಓದಿ. ಎಕ್ಸ್‌ಟ್ರಾ ವರ್ಜಿನ್ ಅಂದರೆ ಹಣ್ಣಿನಿಂದ ಹಾಗೇ ಹಿಂಡಿದ್ದು, ಹುಳಿಯ ಅಂಶ 0.8 ಶೇಕಡಾಕ್ಕಿಂತ ಮೀರಬಾರದು. ಪೋಮಸ್ ಅಂದರೆ ಹಿಂಡಿದ ಮೇಲೆ ಉಳಿದ ಹಿಂಡಿಯಿಂದ ಮತ್ತೆ ತೆಗೆದು ಶುದ್ಧ ಮಾಡಿದ್ದು, ಬೆಲೆ ಕಡಿಮೆ. ಅದಕ್ಕೂ ಎಕ್ಸ್‌ಟ್ರಾ ವರ್ಜಿನ್ ಗುಣ ಇದೆ ಅಂದುಕೊಂಡು ಮೋಸ ಹೋಗಬೇಡಿ. ಲೈಟ್ ಅಂತ ಬರೆದರೆ ಬಣ್ಣ, ರುಚಿ ಕಡಿಮೆ, ಕೊಬ್ಬು ಮಾತ್ರ ಉಳಿದದ್ದರಷ್ಟೇ ಇರುತ್ತದೆ. ಒಳ್ಳೆಯ ತಾಜಾ ಎಣ್ಣೆ ಹಸಿಯಾಗಿ ನೆಕ್ಕಿದರೆ ಗಂಟಲಲ್ಲಿ ಕಾಳುಮೆಣಸು ತಾಗಿದ ಹಾಗೆ ಚುರ್ ಅನ್ನುತ್ತದೆ. ಅದಕ್ಕೆ ಕಾರಣ ಓಲಿಯೊಕ್ಯಾಂಥಾಲ್ ಎಂಬ ಅಂಶ. ಅದು ಐಬುಪ್ರೊಫೆನ್ ಅನ್ನುವ ನೋವಿನ ಮಾತ್ರೆಯ ಹಾಗೆ ಕೆಲಸ ಮಾಡುತ್ತದೆ ಅಂತ 2005ರಲ್ಲಿ ವಿಜ್ಞಾನಿಗಳು ತೋರಿಸಿದರು. ಹಾಗಂತ ಮಂಡಿನೋವಿಗೆ ಎಣ್ಣೆ ಕುಡಿಯಬೇಡಿ ಮತ್ತೆ!

ಹೃದಯಕ್ಕೆ ಒಳ್ಳೆಯದು ಅನ್ನುವುದು ಸುಮ್ನೆ ಮಾತಲ್ಲ. ಸ್ಪೇನಿನಲ್ಲಿ ಏಳು ಸಾವಿರಕ್ಕೂ ಜಾಸ್ತಿ ಜನರ ಮೇಲೆ ನಡೆದ ದೊಡ್ಡ ಅಧ್ಯಯನ 2013ರಲ್ಲಿ ಬಂತು. ಜನರನ್ನು ಗುಂಪು ಮಾಡಿದ್ದರಲ್ಲಿ ಲೋಪ ಇದೆ ಅಂತ ಹಿಂದಕ್ಕೆ ತೆಗೆದು, ಲೆಕ್ಕ ಸರಿಮಾಡಿ 2018ರಲ್ಲಿ ಮತ್ತೆ ಹಾಕಿದರು. ಆಗಲೂ ಫಲ ಹೆಚ್ಚುಕಡಿಮೆ ಅದೇ ಬಂತು. ಆದರೆ ಅವರು ಸೊಪ್ಪು, ತರಕಾರಿ, ಕಾಳು, ಮೀನಿನ ಊಟದ ಜೊತೆ ಇದನ್ನು ತಿಂದವರು. ಬೇರೆ ಎಣ್ಣೆ ಬಿಟ್ಟು ಇದನ್ನು ತಿನ್ನಬೇಕು. ನಮ್ಮವರು ತುಪ್ಪ, ಬೆಣ್ಣೆ, ಕರಿದದ್ದು ಎಲ್ಲ ತಿಂದು ಅದರ ಮೇಲೆ ಎರಡು ಚಮಚ ಆಲಿವ್ ಎಣ್ಣೆ ಹಾಕಿಕೊಂಡರೆ ಹೊಟ್ಟೆ ಬರುತ್ತದೆ ಅಷ್ಟೇ. ಒಂದು ಗ್ರಾಮಿಗೆ 9 ಕ್ಯಾಲೊರಿ, ಯಾವ ಎಣ್ಣೆಯಾದರೂ.

ನಾನು ಇದನ್ನು ಹಸಿಯಾಗಿಯೇ ಬಳಸುವುದು. ಸೌತೆಕಾಯಿ ಕೋಸಂಬರಿಗೆ ಕೊನೆಯಲ್ಲಿ ಒಂದು ಸುತ್ತು. ತೆಳ್ಳೇವು ಅನ್ನುವ ನಮ್ಮ ತೆಳು ದೋಸೆಯ ಜೊತೆ ಚಟ್ನಿಪುಡಿ ಕಲಸಲಿಕ್ಕೆ ಬಹಳ ಚೆಂದ. ಬೀನ್ಸ್ ಪಲ್ಯ ಒಲೆಯಿಂದ ಇಳಿಸಿದ ಮೇಲೆ ಸ್ವಲ್ಪ ಹಾಕಿ ಮುಚ್ಚಿಡಿ. ಸಣ್ಣ ಉರಿಯಲ್ಲಿ ಬಾಡಿಸಿದರೂ ಅಡ್ಡಿಯಿಲ್ಲ, ಹೊಗೆ ಏಳಿಸಬೇಡಿ. ತಂಬುಳಿ, ಹಶಿಗೆ ಮಾತ್ರ ಬೇಡವೇ ಬೇಡ. ಅವಕ್ಕೆ ಕೊಬ್ಬರಿ ಎಣ್ಣೆಯ ಒಗ್ಗರಣೆ ಇಲ್ಲದಿದ್ದರೆ ಬಾಯಿಗೆ ಹತ್ತುವುದಿಲ್ಲ.

ಬಾಣಂತಿ ಮನೆಯವರಿಗೆ ಒಂದು ಮಾತು. ಮಗುವಿನ ಮೈಗೆ ಆಲಿವ್ ಎಣ್ಣೆ ತಿಕ್ಕುವುದು ಈಗಿನ ಶೋಕಿ. ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು ದೊಡ್ಡವರ ಚರ್ಮಕ್ಕೆ ಹಚ್ಚಿ ನೋಡಿದಾಗ ಮೇಲ್ಪದರ ದುರ್ಬಲವಾಗಿದ್ದು ಕಂಡಿತು. ಎಳೆ ಚರ್ಮಕ್ಕೆ ಯಾಕೆ ಬೇಕು ಅದು? ಕಜ್ಜಿ, ಒಣಚರ್ಮ ಇರುವ ಮಗುವಿಗಂತೂ ಡಾಕ್ಟರನ್ನು ಕೇಳದೆ ಏನನ್ನೂ ಹಚ್ಚಬೇಡಿ.

ಇಷ್ಟೆಲ್ಲ ಹೇಳಿಯೂ ಕಮಟು ಹಿಡಿಸಿದಿರೋ, ಚೆಲ್ಲಬೇಡಿ. ದೇವರ ದೀಪಕ್ಕೆ ಬೇಡ, ಕರೆಂಟು ಹೋದಾಗ ಹಚ್ಚುವ ಹಣತೆಗೆ ಸಾಕು. ಬಾಗಿಲ ತಿರುಗಣೆ ಕಿರ್ ಅನ್ನುತ್ತಿದ್ದರೆ ಅದಕ್ಕೂ ಒಂದು ಹನಿ ಬಿಡಿ. ಪಲ್ಯಕ್ಕೆ ಹಾಕಿ ನೆಂಟರಿಗೆ ಬಡಿಸಬೇಡಿ, ಅಷ್ಟೇ.