ಲೇಸರ್‌ನಿಂದ ನೋವು ಇಳಿಯುತ್ತದೆ, ಜೂಲ್ ಲೆಕ್ಕ ಸರಿಯಿದ್ದರೆ

ಮಂಡಿ ಸವೆತ, ಟೆನ್ನಿಸ್ ಎಲ್ಬೋ (ಮೊಣಕೈಯ ಹೊರಬದಿಯ ನೋವು) ಮತ್ತು ಹೆಬ್ಬೆರಳ ಬುಡದ ಸ್ನಾಯುರಜ್ಜುವಿನ ಊತ, ಈ ಮೂರರಲ್ಲಿ ಲೇಸರ್ ಚಿಕಿತ್ಸೆಯು ನನ್ನ ಕ್ಲಿನಿಕ್‌ನಲ್ಲಿ ಈಗ ನೆಚ್ಚಬಹುದಾದಷ್ಟು ಫಲ ಕೊಡುತ್ತಿದೆ. ಐದಾರು ವರ್ಷಗಳ ಹಿಂದೆ ಈ ಮಾತನ್ನು ನಾನೇ ನಂಬುತ್ತಿರಲಿಲ್ಲ. ಸಾಗರ, ಸೊರಬ, ಹೊಸನಗರದ ಕಡೆ ಫಿಸಿಯೊಥೆರಪಿ ಮಾಡುತ್ತಿರುವ ಗೆಳೆಯರಲ್ಲಿ ಹೆಚ್ಚಿನವರು ಲೇಸರ್ ಯಂತ್ರ ಕೊಂಡು, ಒಂದು ವರ್ಷ ಬಳಸಿ, ಆಮೇಲೆ ಅದಕ್ಕೆ ಬಟ್ಟೆ ಹೊದಿಸಿ ಮೂಲೆಯಲ್ಲಿಟ್ಟವರೇ. ನನ್ನನ್ನು ಅವರು ‘ಟಾರ್ಚ್ ಡಾಕ್ಟರ್’ ಎಂದು ಕರೆಯುತ್ತಿದ್ದರು. ಈಗ ಅವರಲ್ಲೇ ಕೆಲವರು ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಿರುವುದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲ ಯಂತ್ರವನ್ನು ಬ್ಯಾಂಕ್ ಸಾಲದಲ್ಲಿ ಕೊಂಡೆ, ಸುಮಾರು ಒಂದು ಲಕ್ಷ ನಲವತ್ತು ಸಾವಿರವಾಯಿತು. 904 ನ್ಯಾನೊಮೀಟರ್ ತರಂಗಾಂತರದ, ಮಿಡಿತದಲ್ಲಿ ಬೆಳಕು ಬಿಡುವ ಯಂತ್ರವದು. ಮಾರಲು ಬಂದವರು ‘ಇಪ್ಪತ್ತೈದು ವ್ಯಾಟ್’ ಎಂದು ಒತ್ತಿ ಹೇಳಿದ್ದರು, ಪರದೆಯ ಮೇಲೆ ನೋವಿಗೊಂದರಂತೆ ಕಾರ್ಯಕ್ರಮಗಳ ಉದ್ದನೆಯ ಪಟ್ಟಿಯೂ ಇತ್ತು. ಹಳೆಯ ನೋವಿಗೆಂದು ಅದರಲ್ಲಿದ್ದ ಕಾರ್ಯಕ್ರಮವನ್ನು ಒತ್ತಿ, ಒಂದು ಬಿಂದುವಿಗೆ ಒಂದು ನಿಮಿಷದಂತೆ, ಮೊದಲ ಚಳಿಗಾಲವಿಡೀ ಮಂಡಿ ನೋವಿನವರಿಗೆ ಚಿಕಿತ್ಸೆ ಕೊಟ್ಟೆ. ಫಲ ಬಂದದ್ದು ಅಷ್ಟಕ್ಕಷ್ಟೆ. ಕಡಿಮೆಯಾಯಿತು ಎಂದವರಿಗೂ ಜೊತೆಗೆ ಕೊಟ್ಟ ತೊಡೆಯ ವ್ಯಾಯಾಮದಿಂದಲೇ ಕಡಿಮೆಯಾಗಿರಬೇಕು ಎಂಬ ಗುಮಾನಿ ನನಗಿತ್ತು. ಹತ್ತು ಬಾರಿ ಬಂದು ಏನೂ ಆಗದೆ ಹೋದ ಕೆಲವರಿಗೆ ಹಣ ವಾಪಸು ಕೊಟ್ಟೆ. ಒಟ್ಟು ಹನ್ನೆರಡು ಸಾವಿರ ಹೋಗಿರಬಹುದು.

ಕಾರಣ ತಿಳಿದದ್ದು ಯಂತ್ರದ ಕೈಪಿಡಿಯ ಕೊನೆಯ ಪುಟದಿಂದ. ಇಪ್ಪತ್ತೈದು ವ್ಯಾಟ್ ಎಂಬುದು ಒಂದೊಂದು ಮಿಡಿತ ಮುಟ್ಟುವ ಗರಿಷ್ಠ ಶಕ್ತಿ. ಮಿಡಿತ ಇರುವುದು 200 ನ್ಯಾನೊಸೆಕೆಂಡ್ ಮಾತ್ರ. ಎರಡನ್ನೂ ಗುಣಿಸಿದರೆ ಒಂದು ಮಿಡಿತಕ್ಕೆ ಸಿಗುವುದು ಐದು ಮೈಕ್ರೊಜೂಲ್ (ಜೂಲ್ ಎಂದರೆ ಒಟ್ಟು ಬಿದ್ದ ಬೆಳಕಿನ ಲೆಕ್ಕ, ಅದರ ಹತ್ತು ಲಕ್ಷದಲ್ಲೊಂದು ಪಾಲು ಮೈಕ್ರೊಜೂಲ್). ಆ ಕಾರ್ಯಕ್ರಮ ಓಡುತ್ತಿದ್ದುದು ಸೆಕೆಂಡಿಗೆ 500 ಮಿಡಿತದಲ್ಲಿ, ಅಂದರೆ ಸರಾಸರಿ ಎರಡೂವರೆ ಮಿಲಿವ್ಯಾಟ್, ಒಂದು ನಿಮಿಷಕ್ಕೆ 0.15 ಜೂಲ್. ಮಂಡಿ ಸವೆತದ ಬಗ್ಗೆ 2019ರಲ್ಲಿ ಬಿಎಂಜೆ ಓಪನ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯು, 904 ನ್ಯಾನೊಮೀಟರಿನಲ್ಲಿ ಬಿಂದುವೊಂದಕ್ಕೆ 1ರಿಂದ 3 ಜೂಲ್, 785ರಿಂದ 860ರ ನಡುವಿನ ಬೆಳಕಿನಲ್ಲಿ 4ರಿಂದ 8 ಜೂಲ್ ಬಿದ್ದ ಪ್ರಯೋಗಗಳಲ್ಲಿ ನೋವು ಇಳಿದದ್ದನ್ನೂ ಅದಕ್ಕಿಂತ ಕಡಿಮೆ ಬಿದ್ದಲ್ಲಿ ಪ್ರಯೋಜನ ಕಾಣದಿದ್ದುದನ್ನೂ ಬೇರೆ ಬೇರೆ ಮಾಡಿ ತೋರಿಸಿದೆ. ನಾನು ಕೊಡುತ್ತಿದ್ದುದು ಕನಿಷ್ಠ ಪ್ರಮಾಣದ ಆರರಲ್ಲೊಂದು ಭಾಗವೂ ಅಲ್ಲ. ಅಡಿಕೆ ತೋಟಕ್ಕೆ ಚೊಂಬಿನಲ್ಲಿ ನೀರು ಹನಿಸಿದ ಹಾಗಾಗಿತ್ತು.

ಈ ಚಿಕಿತ್ಸೆ ಹುಟ್ಟಿದ್ದೇ ಶಕ್ತಿಯ ಲೆಕ್ಕದ ಎಡವಟ್ಟಿನಿಂದ ಎನ್ನುವುದು ಇಲ್ಲಿ ನೆನಪಾಗುತ್ತದೆ. 1960ರ ದಶಕದಲ್ಲಿ ಬುಡಾಪೆಸ್ಟಿನ ಎಂಡ್ರೆ ಮೆಸ್ಟರ್ ಅವರು ಗಡ್ಡೆಯನ್ನು ಸುಡಬೇಕೆಂದು ಇಲಿಗಳ ಮೇಲೆ ಮಾಣಿಕ್ಯದ ಲೇಸರ್ ಬಿಟ್ಟರು. ಅದರ ಶಕ್ತಿ ಅವರು ಎಣಿಸಿದ್ದಕ್ಕಿಂತ ಎಷ್ಟೋ ಕಡಿಮೆಯಿದ್ದುದರಿಂದ ಗಡ್ಡೆ ಹಾಗೆಯೇ ಉಳಿಯಿತು, ಬೋಳಿಸಿದ್ದ ಜಾಗದಲ್ಲಿ ಕೂದಲು ಮಾತ್ರ ಬೇಗ ಬೆಳೆಯಿತು.

ಕಾರ್ಯಕ್ರಮಗಳ ಪಟ್ಟಿಯನ್ನು ಅಂದೇ ಕೈಬಿಟ್ಟು, ಯಂತ್ರವನ್ನು ಸೆಕೆಂಡಿಗೆ 5000 ಮಿಡಿತಕ್ಕೆ ಏರಿಸಿ ಬಳಸತೊಡಗಿದೆ. ಆಗ ಸರಾಸರಿ 25 ಮಿಲಿವ್ಯಾಟ್ ಬರಬೇಕು, ಬಿಂದುವೊಂದಕ್ಕೆ ಎರಡು ನಿಮಿಷ ಹಿಡಿದರೆ ಮೂರು ಜೂಲ್. ಫಲ ಸುಧಾರಿಸಿತಾದರೂ ಒಂದು ಮಂಡಿಗೆ ಹದಿನೈದು ನಿಮಿಷ ತಗಲುತ್ತಿತ್ತು. ಬೆಳಗಿನ ಹೊತ್ತು ಸಾಲಾಗಿ ಜನ ಕುಳಿತಿರುವಾಗ ಇದು ನಡೆಯದ ಮಾತು. ಹಾಗಾಗಿ ದಾವಣಗೆರೆಯಲ್ಲಿ ಒಬ್ಬರು ಮಾರುತ್ತಿದ್ದ 808 ನ್ಯಾನೊಮೀಟರಿನ ಹಳೆಯ ಯಂತ್ರವನ್ನು ಎಂಬತ್ತು ಸಾವಿರದ ಆಸುಪಾಸಿಗೆ ತಂದೆ. ಚರ್ಮಕ್ಕೆ ಹಿಡಿಯುವ ಅದರ ಬೆಳಕಿನ ಕಡ್ಡಿಯ, ಅಂದರೆ ಪ್ರೋಬ್‌ನ ಮೇಲೆ 200 ಮಿಲಿವ್ಯಾಟ್ ಎಂದು ಅಚ್ಚಾಗಿತ್ತು.

ಇಲ್ಲಿಯೂ ಅಚ್ಚನ್ನು ನಂಬುವ ಹಾಗಿರಲಿಲ್ಲ. ಬೆಂಗಳೂರಿನಿಂದ ಲೇಸರಿನ ಶಕ್ತಿ ಅಳೆಯುವ ಪವರ್ ಮೀಟರ್ ತರಿಸಲು ಸುಮಾರು ನಲವತ್ತೈದು ಸಾವಿರ ಬೇಕಾಯಿತು, ಅರ್ಧ ಯಂತ್ರದ ಬೆಲೆ ಮೀಟರಿಗೇ ಹಾಕುತ್ತೀಯಾ ಎಂದು ಮನೆಯಲ್ಲಿ ಕೇಳಿದರು. ಆದರೆ ನಾನು ಕೊಂಡ ಸಾಮಾನುಗಳಲ್ಲಿ ಖರ್ಚು ಮಾಡಿದ ಹಣವನ್ನು ಮೊದಲು ತೀರಿಸಿದ್ದು ಅದೇ. 200 ಎಂದಿದ್ದ ಪ್ರೋಬ್ 135ರ ಹತ್ತಿರ ತೋರಿಸಿತು. ಅಚ್ಚಿನ ಪ್ರಕಾರ ಆರು ಜೂಲಿಗೆ ಮೂವತ್ತು ಸೆಕೆಂಡ್ ಹಿಡಿದಿದ್ದರೆ ಒಳಗೆ ಹೋಗುತ್ತಿದ್ದುದು ನಾಲ್ಕೇ ಜೂಲ್. ಈಗ ನಲವತ್ತೈದು ಸೆಕೆಂಡ್ ಹಿಡಿಯುತ್ತೇನೆ. ಮೊಬೈಲ್ ಕ್ಯಾಮೆರಾದಲ್ಲಿ ನೇರಳೆ ಚುಕ್ಕೆ ಕಂಡರೆ ಪ್ರೋಬ್ ಸರಿಯಿದೆ ಎಂದು ತಿಳಿಯುವವರು ನಮ್ಮಲ್ಲಿ ಬಹಳ ಮಂದಿಯಿದ್ದಾರೆ, ಅದು ಬೆಳಕು ಬರುತ್ತಿದೆ ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ.

ಮೀಟರ್ ಕೈಗೆ ಬಂದ ಮೇಲೆ ಏನೆಲ್ಲವನ್ನೂ ಅಳೆಯುವ ಚಪಲ ಹತ್ತಿತು. ಸ್ವಚ್ಛತೆಗೆಂದು ಪ್ರೋಬ್‌ಗೆ ಸುತ್ತುವ ತೆಳು ಪ್ಲಾಸ್ಟಿಕ್ ಹಾಳೆಯಿಂದ ನೂರಕ್ಕೆ ಏಳೆಂಟರಷ್ಟು ಕಳೆದುಹೋಗುತ್ತದೆ, ಎರಡು ಸುತ್ತಾದರೆ ಇನ್ನೂ ಹೆಚ್ಚು. ನೋವಿನ ಎಣ್ಣೆ ಹಚ್ಚಿಕೊಂಡೇ ಬರುವವರ ಎಣ್ಣೆಯನ್ನು ಗಾಜಿನ ಪಟ್ಟಿಗೆ ಸವರಿ ನೋಡಿದೆ, ತೆಳುವಾಗಿದ್ದರೆ ನಷ್ಟ ಲೆಕ್ಕಕ್ಕಿಲ್ಲದಷ್ಟು, ಆದರೂ ಒರೆಸಿಯೇ ಹಿಡಿಯುತ್ತೇನೆ. ಜುಲೈ ತಿಂಗಳಲ್ಲಿ ಪ್ರೋಬ್‌ನ ಶಕ್ತಿ ಇದ್ದಕ್ಕಿದ್ದಂತೆ ನೂರರ ಕೆಳಗಿಳಿದದ್ದನ್ನು ಮೀಟರ್ ಹಿಡಿದುಕೊಟ್ಟಿತು. ಬೆಳಕು ಹುಟ್ಟಿಸುವ ಡಯೋಡ್ ಸತ್ತಿತೆಂದು ಹೆದರಿ ಬಿಚ್ಚಿಸಿದರೆ, ನಮ್ಮ ಮಳೆಗಾಲದ ತೇವಕ್ಕೆ ಮುಂದಿನ ಮಸೂರದಲ್ಲಿ ಬೂಷ್ಟು ಕಟ್ಟಿತ್ತು. ಸ್ವಚ್ಛ ಮಾಡಿದ್ದಕ್ಕೆ ಏಳುನೂರು ರೂಪಾಯಿ. ಅಂದಿನಿಂದ ಪ್ರೋಬ್ ರಾತ್ರಿ ಮಲಗುವುದು ಸಿಲಿಕಾ ಪೊಟ್ಟಣವಿರುವ ಗಾಳಿಯಾಡದ ಡಬ್ಬದಲ್ಲಿ.

ಇನ್ನು ಕೈಯಲ್ಲಿ ಹಿಡಿಯುವ ಕ್ರಮ. ಚರ್ಮಕ್ಕೆ ಮುಟ್ಟಿಸದೆ ದೂರದಿಂದ ಬಿಟ್ಟರೆ ಬೆಳಕಿನ ಒಂದು ಪಾಲು ತಿರುಗಿ ಹೋಗುತ್ತದೆ. ಒತ್ತಿ ಹಿಡಿದರೆ ಆ ಜಾಗದ ರಕ್ತ ಪಕ್ಕಕ್ಕೆ ಸರಿದು ಬೆಳಕು ಆಳಕ್ಕಿಳಿಯುತ್ತದೆ. ಮಂಡಿಯಲ್ಲಿ ಕೀಲಿನ ಗೆರೆಯುದ್ದಕ್ಕೂ ಒಳಬದಿಗೆ ಹೆಚ್ಚು, ಹೊರಬದಿಗೆ ಕಡಿಮೆ, ಒಟ್ಟು ಎಂಟು ಬಿಂದುಗಳಿಗೆ ತಲಾ ಆರು ಜೂಲ್ ಕೊಡುತ್ತೇನೆ. ಎಲ್ಲವೂ ಸೇರಿ ಆರೇಳು ನಿಮಿಷ. ಮಂಡಿಯನ್ನು ಎಷ್ಟು ಮಡಿಸಬೇಕು, ಕಾಲಿನ ಕೆಳಗೆ ಏನಿಡಬೇಕು ಎಂಬುದರಲ್ಲಿ ನನ್ನದೊಂದು ಉಪಾಯವಿದೆ, ಅದು ಹೊಟ್ಟೆಪಾಡಿನ ಗುಟ್ಟಾದ್ದರಿಂದ ಇಲ್ಲಿ ಬರೆಯುವುದಿಲ್ಲ. ವಾರಕ್ಕೆ ಮೂರರಂತೆ ಮೂರು ನಾಲ್ಕು ವಾರ ನಡೆಸುತ್ತೇನೆ. ಲೇಸರ್ ಚಿಕಿತ್ಸೆಯ ಜಾಗತಿಕ ಸಂಘವಾದ ವಾಲ್ಟ್ ಸೂಚಿಸುವುದೂ ಇದನ್ನೇ: ದಿನಾ ಆದರೆ ಎರಡು ವಾರ, ದಿನ ಬಿಟ್ಟು ದಿನವಾದರೆ ಮೂರರಿಂದ ನಾಲ್ಕು ವಾರ. ಮೊದಲ ವಾರ ಏನೂ ಅನ್ನಿಸದಿರಬಹುದೆಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮಂಡಿಯಲ್ಲಿ ಪೂರ್ಣ ಫಲ ಕಾಣುವುದು ಬಹಳ ಸಲ ಚಿಕಿತ್ಸೆ ಮುಗಿದ ಎರಡು ಮೂರು ವಾರಗಳ ಮೇಲೆ. ಇದನ್ನು ಹೇಳದಿದ್ದ ಕಾಲದಲ್ಲಿ ಜನ ನಾಲ್ಕನೆಯ ಸಲಕ್ಕೇ ಬರುವುದನ್ನು ಬಿಡುತ್ತಿದ್ದರು.

ಅಡಿಕೆ ಸುಲಿಯುವವರ ಹೆಬ್ಬೆರಳು ಬೇರೆಯೇ ಪಾಠ ಕಲಿಸಿತು. ಮೆಟ್ಟುಗತ್ತಿಯ ಮುಂದೆ ಸಂಜೆಯಿಂದ ರಾತ್ರಿಯವರೆಗೆ ಕುಳಿತು ಸುಲಿಯುವ ಹೆಂಗಸರಿಗೆ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕದಲ್ಲಿ ನೋವು ಕಟ್ಟುತ್ತದೆ. ಸುಲಿದಷ್ಟಕ್ಕೇ ಕೂಲಿಯಾದ್ದರಿಂದ ವಿಶ್ರಾಂತಿ ತೆಗೆದುಕೊಳ್ಳಿ ಎನ್ನುವುದರಲ್ಲಿ ಅರ್ಥವಿಲ್ಲ. ಅವರಿಗಾಗಿ ಬೆಳಿಗ್ಗೆ ಆರೂವರೆಗೇ ಬಾಗಿಲು ತೆರೆಯತೊಡಗಿದೆ. ಒಬ್ಬರಿಗೆ ಪ್ರೋಬ್ ಹಿಡಿದ ಹತ್ತು ಸೆಕೆಂಡಿನಲ್ಲೇ ‘ಉರೀತದೆ, ತೆಗೀರಿ’ ಎಂದರು. ಅಡಿಕೆಯ ಚೊಗರು ಕೂತು ಕಪ್ಪಾಗಿದ್ದ ಚರ್ಮವೇ ಬೆಳಕನ್ನು ಹೀರಿ ಕಾದಿರಬೇಕೆಂದು ನನ್ನ ಊಹೆ, ಏಕೆಂದರೆ ಅದೇ ಕೈಯ ಕಲೆಯಿಲ್ಲದ ಜಾಗದಲ್ಲಿ ಉರಿಯಲಿಲ್ಲ. ಬಿಸಿಲಿನಲ್ಲಿ ದುಡಿದು ಕಪ್ಪಾದ ಮೈಯಲ್ಲಿ 808ರ ಬೆಳಕು ಬಿಸಿಯಾಗುವುದು ಎಲ್ಲರಿಗೂ ಗೊತ್ತಿರುವುದೇ. ಹಳೆಯ ತಲೆಮಾರಿನ ಹೆಂಗಸರ ಮುಂಗೈಯ ಹಚ್ಚೆಯೂ ಹಾಗೆಯೇ. ಹಚ್ಚೆಯ ಮೇಲೆ ನಾನು ಹಿಡಿಯುವುದೇ ಇಲ್ಲ. ಚೊಗರಿನ ಕೈಗಳಿಗೆ ಮೂಲೆ ಸೇರಿದ್ದ 904ರ ಯಂತ್ರವನ್ನು ಮತ್ತೆ ಹೊರತೆಗೆದೆ. ಅದರ ಸರಾಸರಿ ಶಕ್ತಿ ಕಡಿಮೆಯಾದ್ದರಿಂದ ಉರಿಯಿಲ್ಲ, ಹೆಬ್ಬೆರಳಿಗೆ ಬೇಕಾದ ಬಿಂದುಗಳು ಎರಡೋ ಮೂರೋ ಆದ್ದರಿಂದ ಹೊತ್ತೂ ಹಿಡಿಯುವುದಿಲ್ಲ. ಬಳೆ, ಉಂಗುರಗಳನ್ನು ತೆಗೆಸುವುದು ಕಷ್ಟವಾದಲ್ಲಿ ಕಪ್ಪು ಬಟ್ಟೆ ಸುತ್ತುತ್ತೇನೆ, ಹೊಳೆಯುವ ಚಿನ್ನದಿಂದ ತಿರುಗುವ ಬೆಳಕು ಕಣ್ಣಿಗೆ ಅಪಾಯ. ಕನ್ನಡಕವನ್ನು ಇಬ್ಬರೂ ಹಾಕಲೇಬೇಕು, ಅದೂ ಆಯಾ ತರಂಗಾಂತರಕ್ಕೆ ಹೊಂದುವುದನ್ನೇ.

ಟೆನ್ನಿಸ್ ಎಲ್ಬೋದಲ್ಲಿ ನನ್ನ ಲೆಕ್ಕದ ಪ್ರಕಾರ ಹತ್ತರಲ್ಲಿ ಏಳು ಜನಕ್ಕೆ ಚೆನ್ನಾಗಿ ಇಳಿಯುತ್ತದೆ, ಜೊತೆಗೆ ಕೈಯಲ್ಲಿ ಭಾರ ಹಿಡಿದು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ಇದ್ದೇ ಇರುತ್ತದೆ. ಇತ್ತೀಚೆಗೆ ಸ್ಟೀರಾಯ್ಡ್ ಚುಚ್ಚಿಸಿಕೊಂಡು ಬಂದವರಲ್ಲಿ ಅರ್ಧದಷ್ಟೂ ಇಳಿಯುವುದಿಲ್ಲವಾದ್ದರಿಂದ ಅವರನ್ನು ಎರಡು ಮೂರು ತಿಂಗಳು ಬಿಟ್ಟು ಬರಲು ಹೇಳುತ್ತೇನೆ. ಕತ್ತು ನೋವಿಗೂ ಬಳಸುತ್ತೇನೆ. ನಮ್ಮ ಊರಿನ ಮೂಳೆ ವೈದ್ಯರೊಬ್ಬರು ‘ಇದೆಲ್ಲ ಮನಸ್ಸಿನ ಸಮಾಧಾನಕ್ಕೆ’ ಎಂದಾಗ 2009ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ರೊಬರ್ಟಾ ಚೌ ಮತ್ತು ಸಂಗಡಿಗರ ವಿಶ್ಲೇಷಣೆಯನ್ನು ಅಚ್ಚು ತೆಗೆಸಿ ಕೊಟ್ಟಿದ್ದೆ. ಹದಿನಾರು ಪ್ರಯೋಗಗಳ 820 ರೋಗಿಗಳ ವಿವರ ಅದರಲ್ಲಿದೆ. ಓದಿದರೋ ಇಲ್ಲವೋ, ಮುಂದಿನ ತಿಂಗಳು ತಮ್ಮ ಅತ್ತೆಯವರನ್ನು ಮಂಡಿಗೆಂದು ಕಳಿಸಿದರು. ಸೊಂಟ ನೋವಿಗೆ ಮಾತ್ರ ಲೇಸರ್ ಒಂದನ್ನೇ ನೆಚ್ಚಿ ನಾನು ಹಣ ತೆಗೆದುಕೊಳ್ಳುವುದಿಲ್ಲ. ರಾತ್ರಿ ನಿದ್ದೆಗೆಡಿಸುವ ನೋವು, ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಇದ್ದವರು, ಬಸುರಿಯರ ಹೊಟ್ಟೆ ಸೊಂಟ, ಇವುಗಳ ಹತ್ತಿರ ಪ್ರೋಬ್ ಒಯ್ಯುವುದಿಲ್ಲ, ಮೊದಲು ವೈದ್ಯರ ಚೀಟಿ ಬರಬೇಕು.

ಹುಬ್ಬಳ್ಳಿಯ ಗೆಳೆಯರೊಬ್ಬರು ಏಳು ಲಕ್ಷದ ಸಮೀಪ ಕೊಟ್ಟು ಹತ್ತು ವ್ಯಾಟಿನ ಯಂತ್ರ ಹಾಕಿದ್ದಾರೆ. ಅವರಲ್ಲಿ ಕೆಲವು ದಿನ ಕುಳಿತು ಬಳಸಿ ನೋಡಿದೆ. ಬೆಚ್ಚಗಾಗುವುದರಿಂದ ರೋಗಿಗೆ ಆ ಕ್ಷಣವೇ ಹಿತವೆನಿಸುತ್ತದೆ, ಒಂದು ಸಲಕ್ಕೆ ಆರುನೂರು ಕೇಳಿದರೂ ಕೊಡುತ್ತಾರೆ. ಸುಡದಂತೆ ಕೈಯಾಡಿಸುತ್ತಲೇ ಇರಬೇಕಾದ್ದರಿಂದ ಯಾವ ಬಿಂದುವಿಗೆ ಎಷ್ಟು ಜೂಲ್ ಬಿತ್ತೆಂದು ಹೇಳಲು ನನ್ನಿಂದಾಗಲಿಲ್ಲ. ನನ್ನದು ಒಂದು ಸಲಕ್ಕೆ ಇನ್ನೂರೈವತ್ತು, ಸುಲಿಯುವ ಹೆಂಗಸರಿಗೆ ನೂರೈವತ್ತು. ಎರಡೂ ಯಂತ್ರಗಳ, ಮೀಟರಿನ ಸಾಲ ಕಳೆದ ಯುಗಾದಿಯ ಹೊತ್ತಿಗೆ ತೀರಿತು. ಮುಂದಿನ ಸುಲಿತಕ್ಕೆ ಮುಂಚೆ 808ರ ಇನ್ನೊಂದು ಪ್ರೋಬ್ ತರಿಸುವವನಿದ್ದೇನೆ. ಅದನ್ನು ಮೀಟರಿಗೆ ಹಿಡಿದು ಓದಿಸಿದ ಮೇಲೆಯೇ ಪೂರ್ತಿ ಹಣ ಕೊಡುವುದೆಂದು ಮಾತಾಗಿದೆ.