ಅಲಸಂದೆಯಲ್ಲಿ ಇಳುವರಿ, ಪ್ರೋಟೀನ್ ಎರಡನ್ನೂ ಒಟ್ಟಿಗೆ ಹುಡುಕಿದ್ದು

ಅಲಸಂದೆಯಲ್ಲಿ ಹೊಸ ತಳಿ ಮಾಡಲು ಕೂತಾಗ ನಾನು ಹಿಡಿದುಕೊಂಡ ಅಳತೆ ಒಂದೇ. ಒಂದು ಹೆಕ್ಟೇರಿನಿಂದ ಒಟ್ಟು ಎಷ್ಟು ಕಿಲೋ ಪ್ರೋಟೀನ್ ಕೈಗೆ ಬರುತ್ತದೆ? ಕಾಳಿನಲ್ಲಿ ಶೇಕಡಾ ಎಷ್ಟಿದೆ ಅನ್ನುವುದು ಅರ್ಧ ಲೆಕ್ಕ ಮಾತ್ರ. ಹೆಕ್ಟೇರಿಗೆ 1200 ಕಿಲೋ ಬಿಡುವ ಗಿಡದ ಕಾಳಲ್ಲಿ ಶೇ 22 ಪ್ರೋಟೀನ್ ಇದೆ ಅಂದುಕೊಳ್ಳಿ, 264 ಕಿಲೋ ಆಯಿತು. 900 ಕಿಲೋ ಬಿಡುವ ಇನ್ನೊಂದರಲ್ಲಿ ಶೇ 27 ಇದ್ದರೂ ಸಿಗುವುದು 243 ಕಿಲೋ. ವರದಿಯಲ್ಲಿ ಎರಡನೆಯದೇ ಚೆಂದ ಕಾಣುತ್ತದೆ, ಅಲ್ವಾ?

ತೊಂದರೆ ಏನೆಂದರೆ, ಇವೆರಡೂ ಸಾಮಾನ್ಯವಾಗಿ ಜೊತೆಯಾಗಿ ಏರುವುದಿಲ್ಲ. ಕಾಳು ಜಾಸ್ತಿ ಕಟ್ಟಿದಾಗ ಪಿಷ್ಟ ತುಂಬಿಕೊಳ್ಳುತ್ತದೆ, ಪ್ರೋಟೀನಿನ ಪಾಲು ಇಳಿಯುತ್ತದೆ. ಹಾಗಂತ ಈ ನಂಟು ಬಿಡಿಸಲಾರದ್ದಲ್ಲ. ಸಾಕಷ್ಟು ಗಿಡ ಬೆಳೆಸಿದರೆ ಎರಡರಲ್ಲೂ ಪರವಾಗಿಲ್ಲ ಅನ್ನುವಂಥವು ಸಿಗುತ್ತವೆ.

ತಾಯಿಯಾಗಿ ಚೆನ್ನಾಗಿ ಕಾಯಿ ಬಿಡುವ, ನೆಟ್ಟಗೆ ನಿಲ್ಲುವ, ಬಿಳಿ ಹೂವಿನ ತಳಿ ಇಟ್ಟುಕೊಂಡೆ. ತಂದೆ ಪ್ರೋಟೀನ್ ಜಾಸ್ತಿ ಇರುವ, ನೇರಳೆ ಹೂವಿನದು. ಬಣ್ಣ ನೋಡಿ ಆರಿಸಿದ್ದು ಸುಮ್ನೆ ಅಲ್ಲ. ನೇರಳೆ ಬಣ್ಣ ಬಿಳಿಯ ಮೇಲೆ ಪ್ರಬಲ. ಹಾಗಾಗಿ ಮೊದಲ ಪೀಳಿಗೆಯ ಗಿಡ ನೇರಳೆ ಹೂ ಬಿಟ್ಟರೆ ಸಂಕರ ಆಗಿದೆ, ಬಿಳಿ ಬಿಟ್ಟರೆ ತನ್ನದೇ ಪರಾಗದಿಂದ ಹುಟ್ಟಿದ್ದು. ಬಿಳಿಯದನ್ನು ಅಲ್ಲೇ ಕಿತ್ತು ಹಾಕುತ್ತೇನೆ.

ಅಲಸಂದೆ ಹೂವು ಅರಳುವ ಮೊದಲೇ ತನ್ನ ಪರಾಗವನ್ನು ತಾನೇ ಪಡೆದಿರುತ್ತದೆ. ಬೆಳಿಗ್ಗೆ ಬೇಗ ಅರಳಿ ಮಧ್ಯಾಹ್ನದೊಳಗೆ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಕೆಲಸ ಹಿಂದಿನ ಸಂಜೆಯೇ ಶುರು. ಮರುದಿನ ಅರಳಲಿರುವ ಉಬ್ಬಿದ ಮೊಗ್ಗನ್ನು ಆರಿಸಿ, ಚೂಪು ಚಿಮಟದಿಂದ ಎಸಳು ಬಿಡಿಸಿ, ಹತ್ತೂ ಗಂಡು ಕೇಸರ ತೆಗೆಯಬೇಕು. ಒಂಬತ್ತು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಹತ್ತನೆಯದು ಬೇರೆಯೇ ನಿಂತಿರುತ್ತದೆ. ಅದೊಂದು ಉಳಿದರೂ ಶ್ರಮ ವ್ಯರ್ಥ. ಹೆಣ್ಣು ಭಾಗಕ್ಕೆ ಚಿಮಟ ತಾಗಿದರೆ ಹೂವು ಉದುರುತ್ತದೆ. ಬೆಳಿಗ್ಗೆ ತಂದೆ ಗಿಡದಿಂದ ಆಗಷ್ಟೇ ಅರಳಿದ ಹೂ ತಂದು, ಎಸಳು ಹಿಂದಕ್ಕೆ ಮಡಚಿ, ಪರಾಗ ಮೆತ್ತಿದ ತುದಿಯನ್ನೇ ತಾಯಿ ಹೂವಿನ ತುದಿಗೆ ಮೆಲ್ಲಗೆ ಉಜ್ಜುತ್ತೇನೆ. ದಾರದ ಚೀಟಿ ಕಟ್ಟಿ, ಅದೇ ತೊಟ್ಟಿನ ಉಳಿದ ಮೊಗ್ಗುಗಳನ್ನೆಲ್ಲ ಚಿವುಟುತ್ತೇನೆ. ಅವು ಉಳಿದರೆ ಊಟಕ್ಕೆ ಪೈಪೋಟಿ, ನಮ್ಮ ಹೂವೇ ಮೊದಲು ಉದುರುತ್ತದೆ. ಇಷ್ಟಾದರೂ ಎಷ್ಟೋ ಹೂ ಬೀಳುತ್ತವೆ. ಬೇಜಾರು ಮಾಡಿಕೊಂಡರೆ ಈ ಕೆಲಸ ಆಗದು.

ಎರಡನೆಯ ಪೀಳಿಗೆಯಲ್ಲಿ ಗುಣಗಳೆಲ್ಲ ಚದುರುತ್ತವೆ. ಅಲ್ಲಿ ನಾನು ಇಳುವರಿ ಅಳೆಯುವುದೇ ಇಲ್ಲ. ಹಬ್ಬಿ ಪಕ್ಕದವರ ಜಾಗ ನುಂಗಿದ ಗಿಡ ಜಾಸ್ತಿ ಕಾಯಿ ಬಿಟ್ಟಿರುತ್ತದೆ, ಅದು ಅದರ ಸಾಮರ್ಥ್ಯವಲ್ಲ. ಬೇಗ ಮಾಗುವುದು, ಎಲೆಗಳ ಮೇಲೆ ಕಾಯಿ ಎತ್ತಿ ಹಿಡಿಯುವುದು, ಒಣಗಿದಾಗ ಸಿಡಿಯದ ಕಾಯಿ, ಮೊಸಾಯಿಕ್ ರೋಗ (ಎಲೆಯಲ್ಲಿ ಹಳದಿ-ಹಸಿರು ಮಚ್ಚೆ ಮೂಡಿಸುವ ವೈರಸ್ ರೋಗ) ಕಾಣದ ಎಲೆ, ಇಷ್ಟೇ ನೋಡುತ್ತೇನೆ. ಆಮೇಲೆ ಪ್ರತಿ ಗಿಡದಿಂದ ಬೀಜ ಮುಂದಕ್ಕೆ ಸಾಗಿಸಿ, ಐದನೆಯ ಪೀಳಿಗೆಯ ಹೊತ್ತಿಗೆ ಗುಣ ಸುಮಾರು ಸ್ಥಿರವಾದ ಮೇಲೆ ಸಾಲಾಗಿ ಬಿತ್ತಿ ತೂಗುತ್ತೇನೆ. ನಡುನಡುವೆ ತಾಯಿ ತಳಿಯ ಸಾಲೂ ಇರಬೇಕು. ಇಲ್ಲದಿದ್ದರೆ ಒಳ್ಳೆಯ ಮಣ್ಣನ್ನೇ ಒಳ್ಳೆಯ ತಳಿ ಅಂದುಕೊಳ್ಳುತ್ತೇವೆ.

ಪ್ರೋಟೀನ್ ಪರೀಕ್ಷೆ ಅಂದರೆ ಹೆಚ್ಚಿನ ಕಡೆ ಸಾರಜನಕ ಅಳೆದು 6.25ರಿಂದ ಗುಣಿಸುವುದು. ಆ ಅಂಕಿಗೆ ಮಣ್ಣೂ ಮಳೆಯೂ ಸೇರಿರುತ್ತವೆ. ಅಲಸಂದೆಯ ಬೇರಿನಲ್ಲಿ ಬ್ಯಾಕ್ಟೀರಿಯಾ ಇರುವ ಸಣ್ಣ ಗಂಟುಗಳಿರುತ್ತವೆ. ಬೇರುಗಂಟು ಕತ್ತರಿಸಿದಾಗ ಒಳಗೆ ಗುಲಾಬಿ ಬಣ್ಣ ಇದ್ದರೆ ಗಾಳಿಯ ಸಾರಜನಕ ಹಿಡಿಯುತ್ತಿದೆ ಎಂದರ್ಥ. ಹಸಿರೋ ಕಂದೋ ಆಗಿದ್ದರೆ ಕೆಲಸ ನಿಂತಿದೆ. ಹೀಗೆ ಒಂದರಲ್ಲಿ ಗಂಟು ಕೆಲಸ ಮಾಡುತ್ತಿದ್ದು ಇನ್ನೊಂದರಲ್ಲಿ ನಿಂತಿರುವ ಎರಡು ಸಾಲುಗಳ ಕಾಳನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ. ಬರಕ್ಕೆ ಸುಕ್ಕಿದ ಕಾಳಿನಲ್ಲೂ ಪ್ರೋಟೀನ್ ಶೇಕಡಾ ಏರಿರುತ್ತದೆ, ಯಾಕೆಂದರೆ ಪಿಷ್ಟ ತುಂಬಲು ಸಮಯ ಸಿಕ್ಕಿರುವುದಿಲ್ಲ. ಹಾಗಾಗಿ ದಪ್ಪನೆ ತುಂಬಿದ ಕಾಳನ್ನಷ್ಟೇ, ಹೊಲದ ಬೇರೆ ಬೇರೆ ತುಂಡುಗಳಿಂದ, ಒಣತೂಕದ ಲೆಕ್ಕದಲ್ಲಿ ಪರೀಕ್ಷೆಗೆ ಕೊಡುತ್ತೇನೆ. ಒಂದೇ ಹಂಗಾಮಿನ ಅಂಕಿ ನಂಬುವುದಿಲ್ಲ.

ಈಗ ನಾನು ಉಳಿಸಿಕೊಂಡ ಸಾಲುಗಳು ಶೇಕಡಾದಲ್ಲಿ ತಂದೆಯಷ್ಟಿಲ್ಲ, ಇಳುವರಿಯಲ್ಲಿ ತಾಯಿಯ ಹತ್ತಿರ ನಿಲ್ಲುತ್ತವೆ. ಅವುಗಳಲ್ಲಿ ಒಳ್ಳೆಯದನ್ನು ಮತ್ತೆ ತಾಯಿಗೇ ಸಂಕರ ಮಾಡುತ್ತಿದ್ದೇನೆ. ಪ್ರೋಟೀನ್ ಕಟ್ಟುವ ಅಮೈನೊ ಆಮ್ಲಗಳಲ್ಲಿ ಲೈಸಿನ್ ಅಲಸಂದೆಯಲ್ಲಿ ಧಾರಾಳ, ಕೊರತೆ ಇರುವುದು ಗಂಧಕ ಇರುವ ಮಿಥಿಯೋನಿನ್‌ನಲ್ಲಿ. ಒಟ್ಟು ಪ್ರೋಟೀನ್ ಏರಿದರೆ ಅದೂ ತಾನಾಗಿ ಏರುತ್ತದೆ ಅನ್ನುವಂತಿಲ್ಲ, ಬೇರೆಯಾಗಿಯೇ ಅಳೆಯಬೇಕು. ಬೀಜವನ್ನಂತೂ ಚೆನ್ನಾಗಿ ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿ ಇಡುತ್ತೇನೆ. ಒಮ್ಮೆ ಹುಳ ಬಿದ್ದರೆ ಮುಂದಿನ ಹಂಗಾಮಿಗೆ ಬಿತ್ತಲು ಬೀಜವೇ ಉಳಿಯುವುದಿಲ್ಲ.