'ಅಲೈವ್!' ಜೊತೆ ಕೂತು ಗಿಟಾರ್ ಕಲಿತದ್ದು

ಅಮೆರಿಕದ ಗಿಟಾರ್ ವಾದಕ ಗ್ರಾಂಟ್ ಗ್ರೀನ್ ಅಂದರೆ ಜಾಝ್ ಕೇಳುವವರು 1960ರ ದಶಕದ ಮೊದಲ ಭಾಗದ ರೆಕಾರ್ಡ್‌ಗಳನ್ನೇ ಕೈಗಿಡುತ್ತಾರೆ. ನನಗೂ ಮೊದಲು ಸಿಕ್ಕಿದ್ದು 'ಐಡಲ್ ಮೊಮೆಂಟ್ಸ್'. ಅದು ಒಳ್ಳೆಯದೇ, ಎರಡು ಮಾತಿಲ್ಲ. ಆದರೆ 1970ರ ಆಸುಪಾಸಿನ ರೆಕಾರ್ಡ್‌ಗಳ ಬಗ್ಗೆ ಕೇಳಿದರೆ, "ಅದೆಲ್ಲ ದುಡ್ಡಿಗೆ ಮಾಡಿದ್ದು, ಬಿಡು" ಅನ್ನುವ ಉತ್ತರ ಬರುತ್ತಿತ್ತು. ಹಾಗಾಗಿ ಆ ಕಾಲದ ಅವನ ಆಲ್ಬಂ 'ಅಲೈವ್!' ನನ್ನ ಕಿವಿಗೆ ಬಿದ್ದದ್ದು ಬಹಳ ತಡವಾಗಿ, ಮರುಬಿಡುಗಡೆಯ ಸಿಡಿಯಲ್ಲಿ.

ನಾನು ಬೆಂಗಳೂರಿನ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುವವನು. ಮದುವೆ ರಿಸೆಪ್ಷನ್, ಗಣೇಶೋತ್ಸವ, ನವೆಂಬರ್ ಪೂರ್ತಿ ರಾಜ್ಯೋತ್ಸವ. ಅಲ್ಲಿ ಗಿಟಾರ್‌ಗೆ ಇರುವುದು ಎರಡೇ ಕೆಲಸ. ಹಾಡಿನುದ್ದಕ್ಕೂ ಕಾರ್ಡ್ (ಒಟ್ಟಿಗೆ ನುಡಿಸುವ ಮೂರು-ನಾಲ್ಕು ಸ್ವರ) ಹಿಡಿಯಬೇಕು. ಮಧ್ಯೆ ಬರುವ ಬಿಜಿಎಂನಲ್ಲಿ ಕ್ಯಾಸೆಟ್‌ನಲ್ಲಿ ಇದ್ದ ಹಾಗೇ ಲೀಡ್, ಅಂದರೆ ಒಂದೊಂದೇ ಸ್ವರದ ರಾಗದ ಸಾಲು, ಬರಬೇಕು. ಖಾಲಿ ಜಾಗ ಬಿಟ್ಟರೆ ಕೀಬೋರ್ಡ್‌ನವರು ತಿರುಗಿ ನೋಡುತ್ತಾರೆ. ಇಂಥ ಕೆಲಸ ಮಾಡಿ ಮಾಡಿ ಬಂದ ಕೈಗೆ ಈ ಆಲ್ಬಂ ಒಂದು ಒಗಟು. ಗ್ರೀನ್ ಕಾರ್ಡ್ ಹಿಡಿಯುವುದೇ ಅಪರೂಪ. ಒಂದೊಂದೇ ಸ್ವರ. ಅದರಲ್ಲೂ ಒಂದೇ ತುಣುಕನ್ನು ಮತ್ತೆ ಮತ್ತೆ ನುಡಿಸುತ್ತಾನೆ. ಆದರೂ ಹತ್ತು ನಿಮಿಷ ದಾಟುವ 'ಸೂಕಿ ಸೂಕಿ' ಎಲ್ಲೂ ಬೋರ್ ಹೊಡೆಯಲ್ಲ. ಹೇಗೆ ಅಂತ ತಿಳಿಯಲೇಬೇಕು ಅನ್ನಿಸಿತು.

ಇದು 1970ರ ಆಗಸ್ಟ್ 15ರಂದು ನ್ಯೂ ಜೆರ್ಸಿಯ ನ್ಯೂಆರ್ಕ್ ಊರಿನ ಕ್ಲಿಶೆ ಲೌಂಜ್‌ನಲ್ಲಿ ಜನರ ಮುಂದೆ ನುಡಿಸಿದ್ದು. (ನಮಗೆ ತಾರೀಖು ಮರೆಯೋದು ಕಷ್ಟ, ಅಲ್ವಾ.) ರೆಕಾರ್ಡ್ ಮಾಡಿದವನು ಬ್ಲೂ ನೋಟ್ ಕಂಪನಿಯ ಎಷ್ಟೋ ದೊಡ್ಡ ಆಲ್ಬಂಗಳ ಹಿಂದಿದ್ದ ರೂಡಿ ವ್ಯಾನ್ ಗೆಲ್ಡರ್. ಡ್ರಮ್ಸ್‌ನಲ್ಲಿ ಇಡ್ರಿಸ್ ಮುಹಮ್ಮದ್, ಸ್ಯಾಕ್ಸೊಫೋನ್‌ನಲ್ಲಿ ಕ್ಲಾಡ್ ಬಾರ್ಟೀ, ವೈಬ್ಸ್‌ನಲ್ಲಿ (ಲೋಹದ ಪಟ್ಟಿಗಳ ವಾದ್ಯ) ವಿಲಿಯಂ ಬಿವೆನ್ಸ್, ಕೊಂಗಾ ಡ್ರಮ್‌ನಲ್ಲಿ ಜೋಸೆಫ್ ಆರ್ಮ್‌ಸ್ಟ್ರಾಂಗ್. ಆರ್ಗನ್‌ನಲ್ಲಿ ಹೆಚ್ಚಿನ ಕಡೆ ರಾನಿ ಫಾಸ್ಟರ್. ಆಗ ಅವನಿಗೆ 20 ವರ್ಷ. ಬೇಸ್ ಗಿಟಾರ್ ನುಡಿಸುವವರು ಯಾರೂ ಇಲ್ಲ! ಆ ದಪ್ಪ ಬೇಸ್ ಎಲ್ಲ ಆರ್ಗನ್‌ನಿಂದಲೇ ಬರುತ್ತಿದೆ ಅಂತ ಗೊತ್ತಾದ ಮೇಲೆ ಇಡೀ ಆಲ್ಬಂ ಮತ್ತೆ ಮೊದಲಿನಿಂದ ಕೇಳಿದೆ.

ಆಗಿನ ವಿಮರ್ಶಕರಿಗೆ ಇದು ಹಿಡಿಸದೇ ಇದ್ದದ್ದು ಅರ್ಥವಾಗುತ್ತದೆ. ಗ್ರೀನ್ ಆರಿಸಿಕೊಂಡದ್ದು ರೇಡಿಯೋದಲ್ಲಿ ಬರುವ ಹಾಡುಗಳನ್ನು. 'ಸೂಕಿ ಸೂಕಿ' ಡಾನ್ ಕೋವೆ ಹಾಡಿದ್ದು. ಮೊದಲ ಟ್ರ್ಯಾಕ್ ಕೂಲ್ ಆಂಡ್ ದ ಗ್ಯಾಂಗ್ ತಂಡದ್ದು. ಕಾರ್ಡ್‌ಗಳು ಬೇಗ ಬೇಗ ಬದಲಾಗುವ ಬೀಬಾಪ್ ಶೈಲಿಯ ಜಾಝ್ ಹುಡುಕಿ ಬಂದವರಿಗೆ ಇಲ್ಲಿ ಕೈಗೆ ಸಿಗೋದು ಕಡಿಮೆ. 1979ರಲ್ಲಿ ಗ್ರೀನ್ ತೀರಿಕೊಂಡ. ಆಗ ಅವನಿಗೆ 43.

ಆಲ್ಬಂಗೆ ಮತ್ತೆ ಜೀವ ಬಂದದ್ದು ಜಾಝ್‌ನವರಿಂದ ಅಲ್ಲ, ಹಿಪ್‌ಹಾಪ್‌ನವರಿಂದ. 1991ರಲ್ಲಿ ಎ ಟ್ರೈಬ್ ಕಾಲ್ಡ್ ಕ್ವೆಸ್ಟ್ ಈ ಆಲ್ಬಂನ 'ಡೌನ್ ಹಿಯರ್ ಆನ್ ದ ಗ್ರೌಂಡ್' ಅನ್ನು ಸ್ಯಾಂಪಲ್ ಮಾಡಿತು, ಅಂದರೆ ಅದರ ತುಣುಕನ್ನು ತನ್ನ ಹಾಡಿನಲ್ಲಿ ಬಳಸಿತು. 1993ರಲ್ಲಿ ಅಸ್‌ಥ್ರೀ ತಂಡ 'ಸೂಕಿ ಸೂಕಿ'ಯನ್ನು ತೆಗೆದುಕೊಂಡಿತು. ಮೂಲ ಎಲ್ಲಿಯದು ಅಂತ ಜನ ಹುಡುಕತೊಡಗಿದರು. ಬ್ಲೂ ನೋಟ್ ತನ್ನ ಇಂಥ ಹಳೇ ಫಂಕ್ (ತಾಳಕ್ಕೇ ಒತ್ತು ಕೊಡುವ, ಕುಣಿಸುವ ಸಂಗೀತ) ರೆಕಾರ್ಡ್‌ಗಳನ್ನು ಮತ್ತೆ ಸಿಡಿಗೆ ತಂದಿತು. ನನ್ನ ಹತ್ತಿರ ಇರೋದು ಅದೇ ದಿನದ ಮೂರು ಟ್ರ್ಯಾಕ್ ಹೆಚ್ಚಿಗೆ ಸೇರಿಸಿದ 2000ದ ಸಿಡಿ.

ಈಗ ಕಲಿತ ವಿಷಯಕ್ಕೆ ಬರುತ್ತೇನೆ. ಮೊದಲು ಟೋನ್. ಗ್ರೀನ್ ಆಂಪ್ಲಿಫೈಯರ್‌ನಲ್ಲಿ ಬೇಸ್ (ಕೆಳಗಿನ ದನಿ), ಟ್ರೆಬಲ್ (ಮೇಲಿನ ದನಿ) ಎರಡನ್ನೂ ಪೂರ್ತಿ ಇಳಿಸಿ ಮಿಡ್ (ನಡುವಿನದು) ಒಂದನ್ನೇ ಏರಿಸುತ್ತಿದ್ದ ಅನ್ನೋದು ಗಿಟಾರ್ ನುಡಿಸುವವರ ನಡುವೆ ಓಡಾಡುವ ಮಾತು. ಅದನ್ನು ಮಾಡಿ ನೋಡಿದೆ. ಬೇಸ್ ಸೊನ್ನೆ, ಟ್ರೆಬಲ್ ಸೊನ್ನೆ, ಮಿಡ್ ಪೂರ್ತಿ, ನೆಕ್ ಪಿಕಪ್, ಎಫೆಕ್ಟ್ ಪೆಡಲ್ ಎಲ್ಲ ಆಫ್. ಮನೆಯಲ್ಲಿ ಒಬ್ಬನೇ ಕೂತು ನುಡಿಸಿದರೆ ನೆಗಡಿಯಾದವರು ಮಾತಾಡಿದ ಹಾಗೆ ಕೇಳಿಸುತ್ತೆ. ಚೆನ್ನಾಗೇನೂ ಇಲ್ಲ. ಆದರೆ ಆರ್ಗನ್, ಡ್ರಮ್ಸ್ ಜೊತೆಗೆ ಸೇರಿಸಿದಾಗ ಅದರ ಉಪಯೋಗ ಗೊತ್ತಾಗುತ್ತೆ. ಕೆಳಗಿನ ಜಾಗ ಆರ್ಗನ್‌ದು, ಮೇಲಿನ ಜಾಗ ಡ್ರಮ್ಸ್‌ನ ತಾಳದ ತಟ್ಟೆ ಸಿಂಬಲ್‌ದು, ನಡುವಿನದು ಗಿಟಾರ್‌ದು. ವಾಲ್ಯೂಮ್ ಜಾಸ್ತಿ ಮಾಡದೇ ಪ್ರತಿ ಸ್ವರ ಕಿವಿಗೆ ಬಂದು ಮುಟ್ಟುತ್ತೆ. ಈ ಟೋನ್‌ನಲ್ಲಿ ಒಂದು ತೊಂದರೆಯೂ ಇದೆ. ಮರೆಮಾಚೋದಕ್ಕೆ ಏನೂ ಇರಲ್ಲ. ಪಿಕ್ ಒಂದು ಕೂದಲೆಳೆ ತಡವಾದರೂ ಎಲ್ಲರಿಗೂ ಗೊತ್ತಾಗುತ್ತೆ.

ಆಮೇಲೆ ತುಣುಕುಗಳು. ಗ್ರೀನ್ ಗಿಟಾರ್‌ನವರಿಗಿಂತ ಚಾರ್ಲಿ ಪಾರ್ಕರ್‌ನಂಥ ಸ್ಯಾಕ್ಸೊಫೋನ್‌ನವರನ್ನು ಹೆಚ್ಚು ಕೇಳಿ ಬೆಳೆದವನು. ಊದುವವರು ಉಸಿರು ತೆಗೆದುಕೊಳ್ಳಲೇಬೇಕು. ಹಾಗಾಗಿ ನಾನು ಗಿಟಾರ್ ಕೆಳಗಿಟ್ಟು ಮೊದಲು ಸೋಲೋವನ್ನು ಬಾಯಲ್ಲಿ ಹಾಡುತ್ತಿದ್ದೆ. ಎಲ್ಲಿ ಉಸಿರು ಬೇಕಾಯಿತೋ ಅಲ್ಲಿ ಪೇಪರ್ ಮೇಲೆ ಒಂದು ಗೀಟು. ಆಮೇಲೆ ಗಿಟಾರ್ ಎತ್ತಿಕೊಂಡು ಆ ಗೀಟುಗಳ ಜಾಗದಲ್ಲಿ ಎಡಗೈಯನ್ನೇ ತಂತಿಯಿಂದ ತೆಗೆಯುತ್ತಿದ್ದೆ. ಬಾಯಲ್ಲಿ ಹಾಡಲಾಗದ ಯಾವುದನ್ನೂ ನುಡಿಸಬಾರದು ಅಂತ ನನಗೆ ನಾನೇ ಹಾಕಿಕೊಂಡ ಕಟ್ಟು. ನನ್ನ ಅರ್ಧಕ್ಕರ್ಧ ಲೀಡ್ ವಿದ್ಯೆ ಅಲ್ಲಿಗೇ ಉದುರಿಹೋಯಿತು.

ಜಾಸ್ತಿ ಹೊತ್ತು ಹಿಡಿದದ್ದು ಪುನರಾವರ್ತನೆ. ಅದೇ ತುಣುಕು, ಅದೇ ಸ್ವರ, ಆದರೆ ತಾಳದ ಮೇಲೆ ಅದು ಕೂರುವ ಜಾಗ ಬೇರೆ ಇರಬಹುದು. ಇದನ್ನು ಕೈಗೆ ತರಲು ನಾನು ಮಾಡಿದ ಅಭ್ಯಾಸ ಸರಳ. ಮೂರು ಮಾತ್ರೆಯ ಒಂದು ತುಣುಕು ಮಾಡಿಕೊಂಡೆ. ಬಲಗೈಯಲ್ಲಿ ಆದಿತಾಳ ಹಾಕುತ್ತಾ ಅದನ್ನು ಬಾಯಲ್ಲಿ ಹೇಳಿದೆ. ಎಂಟು ಸಲ ಹೇಳಿದರೆ 24 ಮಾತ್ರೆ, ಅಂದರೆ ಸರಿಯಾಗಿ ಮೂರು ಆವರ್ತನ. ಮತ್ತೆ ಸಮಕ್ಕೆ ಬಂದು ನಿಲ್ಲುತ್ತೆ. ಈ ಲೆಕ್ಕ ಮೃದಂಗ ಕಲಿಯುವ ಮಕ್ಕಳಿಗೂ ಗೊತ್ತು. ಕಷ್ಟ ಇರೋದು ಎರಡನೇ ಆವರ್ತನದಲ್ಲಿ. ತುಣುಕು ತಾಳದಿಂದ ಜಾರಿದೆ, ಕೈ "ಬದಲಾಯಿಸು, ಬದಲಾಯಿಸು" ಅನ್ನುತ್ತೆ. ಬದಲಾಯಿಸಬಾರದು. ಅಲ್ಲೇ ಕೂರಬೇಕು. ಮೆಟ್ರೋನೋಮ್ ಜೊತೆ ಇದು ಬೇಗ ಬಂತು. ಮನುಷ್ಯರ ಜೊತೆ ಬರಲು ತಿಂಗಳುಗಳೇ ಹಿಡಿದವು.

ಯಾಕೆಂದರೆ ಡ್ರಮ್ಮರ್ ಸುಮ್ನೆ ಕೂರಲ್ಲ. ನಮ್ಮ ತಂಡದ ಡ್ರಮ್ಮರ್‌ಗೆ, ಕೀಬೋರ್ಡ್‌ನವನಿಗೆ ಆಲ್ಬಂ ಕೇಳಿಸಿದೆ. ಕೀಬೋರ್ಡ್‌ನವನು ಎಡಗೈಯಲ್ಲಿ ಬೇಸ್ ಹಿಡಿದ. ಬೇಸ್ ಗಿಟಾರ್‌ನವರನ್ನು ಬೇಕೆಂದೇ ಕರೆಯಲಿಲ್ಲ. ನಾನು ತುಣುಕು ಹಿಡಿದು ಕೂತೆ. ಮೊದಮೊದಲು ಡ್ರಮ್ಮರ್ ನನಗೋಸ್ಕರ ಕಾಯುತ್ತಿದ್ದ, "ಅಣ್ಣಾ, ಇದೇ ನುಡಿಸ್ತೀರಾ?" ಅಂತ ಕೇಳಿದ. ಹೂಂ ಅಂದೆ. ಆಮೇಲೆ ಅವನ ಬಲಗಾಲು ನನ್ನ ತುಣುಕಿನ ಕೊನೇ ಸ್ವರಕ್ಕೆ ಬಂದು ಕೂಡತೊಡಗಿತು. ನಂತರ ಸ್ನೇರ್‌ನಲ್ಲಿ ಅದರ ಸುತ್ತ ಸಣ್ಣಸಣ್ಣ ಪೆಟ್ಟು. ಗಿಟಾರ್ ಅಲ್ಲಾಡದೇ ನಿಂತಿದ್ದರಿಂದ ಉಳಿದವರು ಓಡಾಡಬಹುದಿತ್ತು. ವಿಮರ್ಶಕರಿಗೆ ಹಿಡಿಸದೇ ಇದ್ದದ್ದು ಇದೇ ಅಂತ ನನಗೆ ಆಗ ಅನ್ನಿಸಿತು. ಅವರು ಗಿಟಾರ್ ಒಂದನ್ನೇ ಕೇಳುತ್ತಿದ್ದರು. ಆ ಹೊತ್ತಿನಲ್ಲಿ ಇಡ್ರಿಸ್ ಮುಹಮ್ಮದ್ ಏನು ಮಾಡುತ್ತಿದ್ದಾನೆ ಅಂತ ಕೇಳಬೇಕಿತ್ತು. ಸ್ಯಾಂಪಲ್ ಮಾಡುವ ಹುಡುಗರು ಕೇಳಿದ್ದು ಅದನ್ನೇ.

ಎಲ್ಲವೂ ಅದ್ಭುತ ಅಂತ ನಾನೇನೂ ಹೇಳಲ್ಲ. 'ಟೈಮ್ ಟು ರಿಮೆಂಬರ್' ನನಗೆ ಸ್ವಲ್ಪ ಎಳೆದ ಹಾಗೆ ಅನ್ನಿಸುತ್ತೆ. ಬೋನಸ್ ಟ್ರ್ಯಾಕ್‌ಗಳಲ್ಲಿ ಹರ್ಬಿ ಹ್ಯಾನ್‌ಕಾಕ್ ಅವರ 'ಮೇಡನ್ ವಾಯೇಜ್' ಮಾತ್ರ ಬಿಡಬೇಡಿ. ಅಷ್ಟು ನಾಜೂಕಾದ ರಚನೆಯನ್ನು ಒಂದು ಕುಡಿಯುವ ಜಾಗದಲ್ಲಿ, ಗಲಾಟೆ ಮಧ್ಯೆ ಹೇಗೆ ನಿಲ್ಲಿಸಿದ್ದಾರೆ ಕೇಳಿ.

ಆರ್ಕೆಸ್ಟ್ರಾದಲ್ಲಿ ಇದು ಉಪಯೋಗಕ್ಕೆ ಬಂತಾ? ಬಿಜಿಎಂ ಈಗಲೂ ಕ್ಯಾಸೆಟ್‌ನಲ್ಲಿ ಇದ್ದ ಹಾಗೇ ಬರಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಗಾಯಕರು ಜನರನ್ನು ಕುಣಿಸುತ್ತಾ ಕೊನೇ ಸಾಲನ್ನು ಎಳೆಯುವಾಗ, ನಾಲ್ಕೈದು ನಿಮಿಷ ಒಂದೇ ಕಾರ್ಡ್ ಮೇಲೆ ನಿಲ್ಲಬೇಕಾಗುತ್ತದಲ್ಲ, ಅಲ್ಲಿ ನಾನು ಕಾರ್ಡ್ ಬಿಟ್ಟು ಒಂದು ತುಣುಕು ಹಿಡಿಯುತ್ತೇನೆ. ಕೀಬೋರ್ಡ್‌ನವನು ಈಗ ತಿರುಗಿ ನೋಡಲ್ಲ. ಡ್ರಮ್ಮರ್‌ನದು ಮಾತ್ರ ಒಂದೇ ವಾದ: ಇದು ಗ್ರಾಂಟ್ ಗ್ರೀನ್ ಆಲ್ಬಂ ಅಲ್ಲವೇ ಅಲ್ಲ, ಇಡ್ರಿಸ್ ಮುಹಮ್ಮದ್ ಆಲ್ಬಂ, ಕವರ್ ಮೇಲೆ ಹೆಸರು ತಪ್ಪಾಗಿ ಹಾಕಿದ್ದಾರೆ ಅಂತ.